ಕಾಪಿಟ್ಟ ಉತ್ತರ ಮತ್ತು ಅದರ ಷರತ್ತು

ಗಣಿತದ ಸಾಧನೆಗಳನ್ನು ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸುವ ಗಣಕಯಂತ್ರ ವ್ಯವಸ್ಥೆಗಳನ್ನು ಸಾಧನಾ ಸಹಾಯಕಗಳೆಂದು ಕರೆಯಬಹುದು. 1967ರಲ್ಲಿ ಹಾಲೆಂಡಿನ ಗಣಿತಜ್ಞ ಡಿ ಬ್ರೂಯ್ನ್ ಆರಂಭಿಸಿದ ‘ಆಟೊಮ್ಯಾತ್’ ಈ ಮಾರ್ಗದ ಮೊದಲಿನವುಗಳಲ್ಲೊಂದು. 2013ರಲ್ಲಿ ಆರಂಭವಾದ ‘ಲೀನ್’ ಇಂದು ವಿಶೇಷ ಬಳಕೆಯಲ್ಲಿದೆ.

ಇಂತಹ ವ್ಯವಸ್ಥೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ‘ಅ’ ಎಂಬ ಪದವನ್ನು ಅದಕ್ಕೇ ಕೂಡಿಸಿ, ಬಂದುದನ್ನು ಮತ್ತೆ ಅದಕ್ಕೇ ಕೂಡಿಸುತ್ತ 20 ಸಲ ಮುಂದುವರಿದರೆ, ಕೊನೆಯ ಉಕ್ತಿಯಲ್ಲಿ ‘ಅ’ 10,48,576 ಬಾರಿ ಬರುತ್ತದೆ. ಪ್ರತಿಯೊಂದನ್ನೂ ಹೊಸದಾಗಿ ಪರೀಕ್ಷಿಸುವುದು ವ್ಯರ್ಥ ಶ್ರಮ. ಅಲ್ಲಿ ಪರಸ್ಪರ ಭಿನ್ನವಾದ ಉಕ್ತಿಗಳು 21 ಮಾತ್ರ. ಒಮ್ಮೆ ಕಂಡ ಉತ್ತರವನ್ನು ಕಾಪಿಟ್ಟರೆ 21 ಪರೀಕ್ಷೆಗಳೇ ಸಾಕು.

ಆದರೆ ಕಾಪಿಟ್ಟ ಉತ್ತರವು ಸದಾ ಸತ್ಯವೆ? ಹೊನ್ನಾಳಿ, ಚನ್ನಗಿರಿಗಳು ಯಾವ ಜಿಲ್ಲೆಗೆ ಸೇರಿವೆ ಎಂದು 1996ರಲ್ಲಿ ಕೇಳಿದ್ದರೆ ಶಿವಮೊಗ್ಗ ಎಂಬುದೂ, ಜಗಳೂರಿಗೆ ಚಿತ್ರದುರ್ಗ ಎಂಬುದೂ ಸರಿಯುತ್ತರ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಮೂರೂ ಅದರೊಳಗೆ ಬಂದವು. ಮುಂದೆ ಹೊನ್ನಾಳಿ ತಾಲ್ಲೂಕಿನಿಂದ ನ್ಯಾಮತಿಯೂ ಬೇರೆಯಾಯಿತು. ಹಳೆಯ ಟಿಪ್ಪಣಿ ಸುಳ್ಳಾಗಿರಲಿಲ್ಲ. ಅದರ ಪಕ್ಕದಲ್ಲಿ ವರ್ಷವನ್ನು ಬರೆಯದಿದ್ದುದೇ ದೋಷ.

ಸಾಧನಾ ಸಹಾಯಕದಲ್ಲಿ ಈ ‘ವರ್ಷ’ದ ಸ್ಥಾನದಲ್ಲಿರುವುದು ಆ ಕ್ಷಣದ ಊಹೆಗಳು. ‘ನ’ ಸೊನ್ನೆಯಲ್ಲ ಎಂದು ಊಹಿಸಿದಾಗ ‘ನ’ವನ್ನು ‘ನ’ದಿಂದಲೇ ಭಾಗಿಸಿದರೆ 1 ಬರುತ್ತದೆ. ಆ ಊಹೆ ಮುಗಿದ ಮೇಲೆ ಅದೇ ಉತ್ತರವನ್ನು ಸೊನ್ನೆಯ ಪ್ರಸಂಗಕ್ಕೆ ಒಯ್ಯುವುದು ಅಪಾಯ. ಆದುದರಿಂದ ಪ್ರಶ್ನೆಯೊಡನೆ ಅದು ಅವಲಂಬಿಸಿದ ಊಹೆಗಳನ್ನೂ ಗುರುತಾಗಿ ಇಡಬೇಕು. ಊಹೆ ಬದಲಾದೊಡನೆ ಆ ಉತ್ತರವನ್ನು ಕೈಬಿಡಬೇಕು. ಹಾಗೆಯೇ, ಗೊತ್ತುಪಡಿಸಿದ ಮಿತಿಯೊಳಗೆ ಸಾಧನೆ ದೊರೆಯಲಿಲ್ಲವೆಂಬುದನ್ನು ಸಾಧನೆಯೇ ಇಲ್ಲವೆಂದು ದಾಖಲಿಸಬಾರದು.

ಈ ತಪ್ಪು ಎಲ್ಲಿ ನಡೆಯಿತೆಂಬುದೂ ಮುಖ್ಯ. ಸಾಧನೆಯನ್ನು ಹುಡುಕುವ ಭಾಗದಲ್ಲಿ ನಡೆದರೆ, ಕೊನೆಯ ಪರೀಕ್ಷೆ ಮಾಡುವ ಚಿಕ್ಕ ತಿರುಳಿನ ಭಾಗವು ಆ ಸಾಧನೆಯನ್ನು ತಿರಸ್ಕರಿಸುತ್ತದೆ. ನಷ್ಟವಾಗುವುದು ಕಾಲ ಮಾತ್ರ. ತಿರುಳಿನ ಸಂಗ್ರಹವೇ ಕೆಟ್ಟರೆ ಅಸತ್ಯಕ್ಕೆ ಪ್ರಮೇಯದ ಮುದ್ರೆ ಬೀಳಬಹುದು. ಅದಕ್ಕಾಗಿಯೇ ಅಲ್ಲಿ ವೇಗಕ್ಕಿಂತ ಸರಳತೆಗೆ ಹೆಚ್ಚು ಬೆಲೆ.

ಉತ್ತರವನ್ನು ನೆನಪಿಡುವ ವಿದ್ಯಾರ್ಥಿ ಅದರ ಷರತ್ತನ್ನೂ ನೆನಪಿಡಬೇಕೆಂದು ಗುರುಗಳು ಹೇಳುವ ಮಾತು ಯಂತ್ರಕ್ಕೂ ಸಲ್ಲುತ್ತದೆ.