ಬಕೆಟ್ಟು ಯಾಕೆ ಮೇಲೇಳಲಿಲ್ಲ?



ಇದು ಹೋದ ಬೇಸಿಗೆಯ ಮಾತು. ನಮ್ಮೂರ ಕೆರೆ ಒಣಗಿತ್ತು. ಕೆರೆಯ ಹೂಳು ಎತ್ತಿ ಹೊಲಕ್ಕೆ ಹಾಕುವ ಕಾಲ. ಹೂಳು ಹೊಲಕ್ಕೆ ಬಿದ್ದರೆ ಭೂಮಿಗೆ ಕಸುವು, ಕೆರೆಗೆ ಆಳ. ನಮ್ಮ ಮಹಿಳಾ ಸಂಘದ ಹತ್ತಿರ ಒಂದು ಸಣ್ಣ ಟ್ರ್ಯಾಕ್ಟರು ಇದೆ. ಬ್ಯಾಂಕಿನ ಸಾಲದಲ್ಲಿ ತಂದದ್ದು. ಅದರ ಮುಂದೆ ಎರಡು ಕಬ್ಬಿಣದ ತೋಳು. ತೋಳಿನ ತುದಿಗೆ ದೊಡ್ಡ ಬಕೆಟ್ಟು. ಇದಕ್ಕೆ ಲೋಡರ್ ಅನ್ನುತ್ತಾರೆ. ಟ್ರ್ಯಾಕ್ಟರು ತಂದು ಒಂದು ವರ್ಷವಾದ ಮೇಲೆ ಈ ಲೋಡರ್ ಜೋಡಿಸಿದ್ದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಿಪ್ಪೆ ಗೊಬ್ಬರ ಎತ್ತುವಾಗ ಲೋಡರ್ ಚೆನ್ನಾಗಿಯೇ ಇತ್ತು. ಕೆರೆಗೆ ಇಳಿಸಿದ ದಿನ ಸೋತಿತು. ಹೂಳು ತುಂಬಿದ ಬಕೆಟ್ಟು ಮೊಣಕಾಲೆತ್ತರ ಬಂತು, ನಿಂತಿತು. ಎಂಜಿನ್ ಗುಂಯ್ ಅಂತು. ಬಕೆಟ್ಟು ಮಿಸುಕಲಿಲ್ಲ. ಮಳೆಗೆ ಇನ್ನು ಹದಿನೈದು ದಿನ. ಬಾಡಿಗೆ ಬರದಿದ್ದರೆ ಕಂತು ಕಟ್ಟುವುದು ಹೇಗೆ?

"ಡ್ರೈವರ್ ಹುಡುಗ ಗಾಡಿ ಕೆಡಿಸಿದಾನೆ, ಅವನನ್ನ ಬಿಡಿಸಿ" ಅಂದರು ಕೆಲವರು. ಪೇಟೆಯ ಮೆಕ್ಯಾನಿಕ್ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. "ಪಂಪು ಹೋಗೈತೆ. ಹೊಸದು ಹಾಕ್ಬೇಕು" ಅಂದ. ಬೆಲೆಯನ್ನೂ ಹೇಳಿದ. ಕೇಳಿದವರ ಮುಖ ಬಾಡಿತು.

ಆ ರಾತ್ರಿ ಕಲಿಕಾ ಕೇಂದ್ರದಲ್ಲಿ ಪಾಠ ನಡೆಯಲಿಲ್ಲ. ಎಲ್ಲರ ಬಾಯಲ್ಲೂ ಪಂಪು. ಆಗ ಸಂಘದ ಹಿರಿಯಕ್ಕ ಒಬ್ಬರು ಮನೆಗೆ ಹೋಗಿ ಒಂದು ಪುಸ್ತಕ ತಂದರು. ಟ್ರ್ಯಾಕ್ಟರಿನ ಜೊತೆ ಬಂದ ಕನ್ನಡ ಪುಸ್ತಕ. ದೇವರ ಪಟದ ಹಿಂದೆ ಇಟ್ಟಿದ್ದರಂತೆ. "ಟೀಚರಮ್ಮ, ಇದರಾಗೆ ಏನಾರ ಬರ್ದೈತಾ ನೋಡಾನ" ಅಂದರು. ನಾನೇ ಓದಬಹುದಿತ್ತು. ಓದಲಿಲ್ಲ. ಅವರ ಕೈಗೇ ಕೊಟ್ಟೆ. ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಅರ್ಧ ತಾಸಿಗೆ ಒಂದು ಪುಟ ಮುಗಿಯಿತು. ಆ ಒಂದು ಪುಟ ನಮ್ಮನ್ನು ಉಳಿಸಿತು.

ಪುಟದಲ್ಲಿ ಇದ್ದದ್ದನ್ನು ಹೇಳುವ ಮೊದಲು ಒಂದು ಪ್ರಯೋಗ ಮಾಡೋಣ. ನೀವೂ ಮಾಡಿ. ಬಳಸದ, ಸೂಜಿ ಇಲ್ಲದ ಎರಡು ಸಿರಿಂಜು ಬೇಕು. ಒಂದು ಸಣ್ಣದು, ಒಂದು ದಪ್ಪದು. ಎರಡನ್ನೂ ಒಂದು ಸಣ್ಣ ಪೈಪಿನಿಂದ ಸೇರಿಸಿ. ಒಳಗೆ ನೀರು ತುಂಬಿ. ಗಾಳಿ ಇರಬಾರದು. ಈಗ ಸಣ್ಣದನ್ನು ಒತ್ತಿ. ದಪ್ಪದು ಮೇಲೇಳುತ್ತದೆ. ಅದನ್ನು ಇನ್ನೊಬ್ಬರು ಹೆಬ್ಬೆರಳಿನಿಂದ ತಡೆದು ನೋಡಲಿ. ತಡೆಯಲು ಆಗುವುದಿಲ್ಲ. ಒತ್ತುವವರ ಬಲ ಕಡಿಮೆ, ಎತ್ತುವ ಬಲ ಹೆಚ್ಚು! ಆದರೆ ದಪ್ಪ ಸಿರಿಂಜು ಏಳುವುದು ಸ್ವಲ್ಪವೇ ಸ್ವಲ್ಪ.

ಮುಚ್ಚಿದ ಜಾಗದಲ್ಲಿರುವ ನೀರನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ಇದನ್ನು ತಿಳಿಸಿದವರು ಫ್ರಾನ್ಸ್ ದೇಶದ ಪ್ಯಾಸ್ಕಲ್. ಅವರು ಹುಟ್ಟಿದ್ದು 1623ರಲ್ಲಿ. ಲೋಡರಿನಲ್ಲಿ ನೀರಿನ ಬದಲು ಎಣ್ಣೆ ಇದೆ, ಅಷ್ಟೇ.

ಈಗ ಸಿರಿಂಜಿನ ಒಳಗೆ ಸ್ವಲ್ಪ ಗಾಳಿ ಬಿಡಿ. ಮತ್ತೆ ಒತ್ತಿ. ಮೆತ್ತಗಾಯಿತು ಅಲ್ಲವೇ? ಗಾಳಿ ಕುಗ್ಗುತ್ತದೆ. ನೀರು, ಎಣ್ಣೆ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ. ಎಣ್ಣೆಗೆ ಗಾಳಿ ಸೇರಿದರೆ ಲೋಡರಿನ ಕೈಯೂ ಹೀಗೇ ಮೆತ್ತಗಾಗುತ್ತದೆ.

ಎಣ್ಣೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ನಮ್ಮ ಟ್ರ್ಯಾಕ್ಟರಿನಲ್ಲಿ ಗೇರುಪೆಟ್ಟಿಗೆಯೇ ಎಣ್ಣೆಯ ಟ್ಯಾಂಕು. ಅಲ್ಲಿಂದ ಎಣ್ಣೆ ಫಿಲ್ಟರಿನಲ್ಲಿ ಸೋಸಿ ಪಂಪಿಗೆ ಬರುತ್ತದೆ. ಎಂಜಿನ್ ತಿರುಗಿದಂತೆ ಪಂಪು ಎಣ್ಣೆಯನ್ನು ತಳ್ಳುತ್ತದೆ. ಲಿವರ್ ಎಳೆದರೆ ಎಣ್ಣೆ ತೋಳಿನ ಜಾಕುಗಳಿಗೆ ನುಗ್ಗುತ್ತದೆ. ಜಾಕು ಚಾಚುತ್ತದೆ, ತೋಳು ಏಳುತ್ತದೆ. ಒತ್ತಡ ಮಿತಿ ಮೀರಿದರೆ ಪೈಪು ಒಡೆಯಬಾರದಲ್ಲ. ಅದಕ್ಕೆ ಒಂದು ಕಾವಲು ವಾಲ್ವು ಇದೆ. ಮಿತಿ ಮೀರಿದ ಕೂಡಲೇ ಬಾಯಿ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ಬಿಡುತ್ತದೆ. ನಮ್ಮ ಕುಕ್ಕರಿನ ವಿಷಲ್ ಇದ್ದ ಹಾಗೆ.

ಹಿರಿಯಕ್ಕ ಓದಿದ ಪುಟದಲ್ಲಿ ಇದ್ದದ್ದು ಎಣ್ಣೆಯ ಮಾತು. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳತೆ ಕಡ್ಡಿ ನೋಡಬೇಕು. ಬೆಳಗ್ಗೆ ಹಾಗೇ ನೋಡಿದೆವು. ಎಣ್ಣೆ ಕೆಳಗಿನ ಗೆರೆಗಿಂತಲೂ ಕೆಳಗೆ! ಕಡ್ಡಿಯ ಮೇಲೆ ನೊರೆ ಬೇರೆ. ಲೋಡರ್ ಜೋಡಿಸಿದಾಗ ಜಾಕು, ಪೈಪುಗಳಿಗೆ ಟ್ಯಾಂಕಿನ ಎಣ್ಣೆಯೇ ಹೋಗಿತ್ತು. ಅಷ್ಟನ್ನು ಮತ್ತೆ ತುಂಬಬೇಕಿತ್ತು. ಜೋಡಿಸಿದವರು ತುಂಬಲಿಲ್ಲ, ನಾವು ಕೇಳಲಿಲ್ಲ. ಎಣ್ಣೆ ಕಡಿಮೆಯಾದಾಗ ಪಂಪು ಗಾಳಿಯನ್ನೂ ಹೀರುತ್ತದೆ. ಆ ಗುಂಯ್ ಶಬ್ದ ಎಂಜಿನ್ನಿನದಲ್ಲ, ಪಂಪಿನದು.

ಪುಸ್ತಕ ಹೇಳಿದ ಜಾತಿಯ ಎಣ್ಣೆಯನ್ನೇ ತಂದೆವು. ಸಿಕ್ಕ ಎಣ್ಣೆ ಹಾಕಬಾರದು. ಫಿಲ್ಟರ್ ಬಿಚ್ಚಿದರೆ ಕಪ್ಪು ರಾಡಿ ಕಟ್ಟಿತ್ತು. ಅದನ್ನೂ ಬದಲಿಸಿದೆವು. ಗುಂಯ್ ನಿಂತಿತು. ಖಾಲಿ ಬಕೆಟ್ಟು ಸರಸರ ಏಳತೊಡಗಿತು. ಚಪ್ಪಾಳೆ ತಟ್ಟಿದೆವು.

ಚಪ್ಪಾಳೆ ಬೇಗ ಆಯಿತು. ಹೂಳು ತುಂಬಿದರೆ ಮತ್ತೆ ಅರ್ಧಕ್ಕೇ ನಿಂತಿತು.

ಇಲ್ಲಿ ಒಂದು ಗುಟ್ಟು ಇದೆ. ಬಕೆಟ್ಟು ನಿಧಾನವಾಗಿ ಎದ್ದರೆ ಎಣ್ಣೆಯ ಹರಿವು ಕಡಿಮೆ. ಬೇಗ ಎದ್ದು, ಭಾರ ಬಿದ್ದಾಗ ಸೋತರೆ ಒತ್ತಡ ಕಡಿಮೆ. ಎರಡೂ ಬೇರೆ ಬೇರೆ ಕಾಯಿಲೆ. ಕಾಲುವೆಯಲ್ಲಿ ನೀರು ಎಷ್ಟು ಬರುತ್ತದೆ ಎನ್ನುವುದು ಒಂದು, ಎಷ್ಟು ರಭಸ ಇದೆ ಎನ್ನುವುದು ಇನ್ನೊಂದು.

ಒತ್ತಡ ಅಳೆಯಲು ಗೇಜು ಬೇಕು. ಮೆಕ್ಯಾನಿಕ್ಕನ್ನು ಮತ್ತೆ ಕರೆದೆವು. "ಪಂಪಿನ ಮಾತು ಆಮೇಲೆ. ಮೊದ್ಲು ಗೇಜು ಹಾಕಿ ತೋರ್ಸಣ್ಣ" ಅಂದರು ಹಿರಿಯಕ್ಕ. ಅವನು ಇವರ ಮುಖ ನೋಡಿದ. ಗೇಜು ತಂದ. ಪುಸ್ತಕದಲ್ಲಿ ಇದ್ದದ್ದು 150. ಗೇಜು ತೋರಿಸಿದ್ದು 90. ಓದಿದವರು ನಮ್ಮ ಅಕ್ಕಂದಿರೇ.

ಏನಿದು 150? ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ, 150 ಕೆಜಿ ಒತ್ತಡ. ಮೂರು ಮೂಟೆ ಸಿಮೆಂಟು! ನಮ್ಮ ಜಾಕಿನ ಒಳಬಾಯಿ 4 ಸೆಂಟಿಮೀಟರ್ ಅಗಲ. ಅದರ ಜಾಗ ಸುಮಾರು ಹನ್ನೆರಡೂವರೆ ಚದರ ಸೆಂಟಿಮೀಟರ್. ಒಂದು ಜಾಕಿನ ಬಲ 150 ಗುಣಿಸು ಹನ್ನೆರಡೂವರೆ, 1,875 ಕೆಜಿ. ಎರಡು ಜಾಕಿಗೆ 3,750 ಕೆಜಿ.

"ಅಯ್ಯೋ, ಅಷ್ಟೆಲ್ಲಾ ಎತ್ತಲ್ಲ ಟೀಚರಮ್ಮ!" ಅಂದಳು ಒಬ್ಬಳು. ನಿಜ. ಕೊಡವನ್ನು ಸೊಂಟದ ಮೇಲೆ ಹೊರುವುದು ಸುಲಭ. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ ನೋಡೋಣ! ಜಾಕು ತೋಳಿನ ಬುಡದ ಹತ್ತಿರ ಇದೆ. ಭಾರ ತುದಿಯಲ್ಲಿದೆ. ಜಾಕು 40 ಸೆಂಟಿಮೀಟರ್ ಚಾಚಿದರೆ ಬಕೆಟ್ಟು 2 ಮೀಟರ್ ಏಳುತ್ತದೆ. ಐದು ಪಟ್ಟು ಎತ್ತರ, ಹಾಗಾಗಿ ಬಲ ಐದರಲ್ಲಿ ಒಂದು ಪಾಲು. 3,750ರಲ್ಲಿ ಐದನೇ ಒಂದು 750. ತೋಳು, ಬಕೆಟ್ಟಿನ ಸ್ವಂತ ಭಾರ 250 ಎಂದು ಹಿಡಿದೆವು. ಉಳಿದದ್ದು 500 ಕೆಜಿ.

ಒತ್ತಡ 90 ಇದ್ದಾಗ? ಇದೇ ಲೆಕ್ಕ ಹಾಕಿದರೆ 450. ಅದರಲ್ಲಿ 250 ಕಳೆದರೆ 200 ಕೆಜಿ! ಒತ್ತಡ ಅರ್ಧಕ್ಕೂ ಇಳಿದಿಲ್ಲ, ಎತ್ತುವ ಭಾರ ಮಾತ್ರ ಅರ್ಧಕ್ಕಿಂತ ಕಡಿಮೆ. ಯಾಕೆಂದರೆ ತೋಳಿನ ಭಾರ ಕಡಿಮೆಯಾಗುವುದಿಲ್ಲ. ಗೊಬ್ಬರ ಹಗುರ, ಅದಕ್ಕೇ ತಿಪ್ಪೆಯಲ್ಲಿ ತೊಂದರೆ ಕಾಣಲಿಲ್ಲ. ಹಸಿ ಹೂಳು ಅದೇ ಬಕೆಟ್ಟಿನಲ್ಲಿ ಬಹಳ ಭಾರ. ಡ್ರೈವರ್ ಹುಡುಗನ ತಪ್ಪು ಏನೂ ಇರಲಿಲ್ಲ. ಅವನನ್ನು ಬೈದವರು ಆ ದಿನ ಅವನಿಗೆ ಊಟ ಹಾಕಿದರು.

ಮೆಕ್ಯಾನಿಕ್ ಕಾವಲು ವಾಲ್ವು ಬಿಚ್ಚಿದ. ಬಾಯಲ್ಲಿ ಕಸ ಸಿಕ್ಕಿಕೊಂಡಿತ್ತು. ವಾಲ್ವು ಪೂರ್ತಿ ಮುಚ್ಚುತ್ತಿರಲಿಲ್ಲ. ತೊಳೆದು ಹಾಕಿದ. ಗೇಜು 145 ತೋರಿಸಿತು. "ಇನ್ನೂ ಬಿಗಿ ಮಾಡ್ಲಾ? ಜಾಸ್ತಿ ಎತ್ತುತ್ತೆ" ಅಂದ. ಬೇಡ ಅಂದೆವು. ಪುಸ್ತಕದ ಅಂಕಿಗಿಂತ ಹೆಚ್ಚು ಮಾಡಿದರೆ ಪೈಪು ಒಡೆಯಬಹುದು, ತೋಳು ಬಾಗಬಹುದು. ಹಿಂದಿನ ಚಕ್ರ ಮೇಲೆದ್ದು ಗಾಡಿ ಮಗುಚಲೂಬಹುದು. ಲೋಡರ್ ಕೆಲಸ ಮಾಡುವಾಗ ಹಿಂದೆ ಭಾರ ಕಟ್ಟಬೇಕು. ತುಂಬಿದ ಬಕೆಟ್ಟನ್ನು ನೆಲದ ಹತ್ತಿರ ಇಟ್ಟುಕೊಂಡೇ ಗಾಡಿ ಓಡಿಸಬೇಕು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ನಿಲ್ಲಬೇಡಿ, ಮಕ್ಕಳನ್ನು ಬಿಡಬೇಡಿ. ಪೈಪು ಬಿಚ್ಚುವ ಮೊದಲು ಬಕೆಟ್ಟು ಇಳಿಸಿ, ಎಂಜಿನ್ ಆರಿಸಿ, ಲಿವರನ್ನು ಆ ಕಡೆ ಈ ಕಡೆ ಆಡಿಸಿ ಒತ್ತಡ ಬಿಡಬೇಕು. ಎಣ್ಣೆ ಸೋರುತ್ತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಡಿ. ರಟ್ಟು ಹಿಡಿದು ನೋಡಿ. ಸೂಜಿಯಷ್ಟು ಸಣ್ಣ ತೂತಿನಿಂದ ಬರುವ ಎಣ್ಣೆ ಚರ್ಮದ ಒಳಗೇ ಹೋಗುತ್ತದೆ. ಗಾಯ ಚುಕ್ಕಿಯಷ್ಟೇ ಕಾಣುತ್ತದೆ, ನೋವೂ ಮೊದಲು ಇರದೇ ಇರಬಹುದು. ಆದರೂ ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ. "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಎಂದು ಹೇಳಿ. ಕೈ ಕಳೆದುಕೊಂಡವರಿದ್ದಾರೆ.

ನಮ್ಮ ಲೋಡರಿನಲ್ಲಿ ಒಂದು ದೋಷ ಇನ್ನೂ ಇದೆ. ಎತ್ತಿ ಬಿಟ್ಟರೆ ಬಕೆಟ್ಟು ತಾನಾಗಿ ಮೆಲ್ಲಗೆ ಇಳಿಯುತ್ತದೆ. ಜಾಕಿನ ಒಳಗಿನ ಸೀಲು ಸವೆದಿರಬೇಕು, ಇಲ್ಲವೇ ಲಿವರಿನ ವಾಲ್ವು ಸೋರುತ್ತಿರಬೇಕು. ಸುಗ್ಗಿ ಮುಗಿದ ಮೇಲೆ ಬಿಚ್ಚಿಸುತ್ತೇವೆ. ಮಳೆಗೆ ಮೊದಲು ಹೂಳಂತೂ ಹೊಲ ಸೇರಿತು. ಆ ತಿಂಗಳ ಕಂತು ನಾಲ್ಕು ದಿನ ತಡವಾಗಿ ಕಟ್ಟಿದೆವು. ಈಗ ಗಾಡಿಗೆ ಒಂದು ನೋಟುಪುಸ್ತಕ ಇದೆ. ತಾರೀಖು, ಎಣ್ಣೆಯ ಮಟ್ಟ, ಫಿಲ್ಟರ್ ಬದಲಿಸಿದ ದಿನ ಎಲ್ಲವನ್ನೂ ಹಿರಿಯಕ್ಕ ಬರೆಯುತ್ತಾರೆ. 'ಫಿಲ್ಟರ್' ಬರೆಯುವಾಗ ಒತ್ತು ಎಲ್ಲಿ ಹಾಕುವುದು ಎಂದು ಈಗಲೂ ಕೇಳುತ್ತಾರೆ.

ಲೆಕ್ಕ ಮಾಡಿ: ಗೇಜು 120 ತೋರಿಸಿದರೆ ಈ ಲೋಡರ್ ಎಷ್ಟು ಕೆಜಿ ಎತ್ತಬಹುದು?

ಬರೆಯಿರಿ: ನಿಮ್ಮೂರಿನಲ್ಲಿ ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಬೇರೆ ಯಾವ ಯಂತ್ರ ಇದೆ? ಅದರ ಎಣ್ಣೆಯನ್ನು ಯಾರು ನೋಡುತ್ತಾರೆ?