ಮಾರ್ನುಡಿಯುವ ಕಿಟಕಿ

ದೊಡ್ಡಬಳ್ಳಾಪುರವನ್ನು ದಾಟಿ ಉತ್ತರಾಭಿಮುಖವಾಗಿ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲಿಯೇ ಬೆಟ್ಟಗಳ ನಡುವೆ ಸಾಗತೊಡಗುತ್ತದೆ. ಅಲ್ಲಿ ಮಾಕಳಿದುರ್ಗದ ಬಂಡೆಬೆಟ್ಟವು ತಲೆಯೆತ್ತಿ ನಿಂತಿದೆ. ಅದರ ನೆತ್ತಿಯ ಮೇಲೆ ಹಳೆಯ ಕೋಟೆಯ ಪಾಳುಗೋಡೆಗಳು, ಶಿವನ ಗುಡಿ, ಒಂದು ನಂದಿಯ ವಿಗ್ರಹ. ಅನತಿ ದೂರದಲ್ಲಿ ಘಾಟಿ ಸುಬ್ರಹ್ಮಣ್ಯ ಕ್ಷೇತ್ರ. ಬೆಟ್ಟದ ಬುಡದಲ್ಲಿ ದುರ್ಗದ ಹೆಸರನ್ನೇ ಹೊತ್ತ ಪುಟ್ಟ ರೈಲು ನಿಲ್ದಾಣವಿದೆ. ಮುಂಬಯಿಗೂ ದೆಹಲಿಗೂ ಹೋಗುವ ದೂರಪ್ರಯಾಣದ ಗಾಡಿಗಳು ಈ ಹಳಿಯ ಮೇಲೆಯೇ ಧಾವಿಸುತ್ತವೆ.

ಗಾಡಿಯ ಸದ್ದು ಕೇಳಿದೊಡನೆ ಹಳಿಯಿಂದ ದೂರದ ದಿಬ್ಬದ ಮೇಲೆ ನಿಂತ ಮಕ್ಕಳು ಕೈಬೀಸುತ್ತಾರೆ. ಕಿಟಕಿಯ ಬಳಿ ಕುಳಿತ ಯಾರೋ ಒಬ್ಬರು ತಾವೂ ಕೈಬೀಸುತ್ತಾರೆ. ಅವರ ಊರು ಯಾವುದು, ನುಡಿ ಯಾವುದು, ಅವರು ಹೋಗುತ್ತಿರುವುದು ಮದುವೆಗೋ ಸಾವಿನ ಮನೆಗೋ ಮಕ್ಕಳಿಗೆ ತಿಳಿಯದು. ಆದರೂ ಬೀಸಿದ ಕೈಗೆ ಪ್ರತಿಯಾಗಿ ಇನ್ನೊಂದು ಕೈ ಎದ್ದಿತೆಂಬುದೇ ಅವರಿಗೆ ಹಿಗ್ಗು. ಅಷ್ಟರಲ್ಲಿ ಗಾಡಿ ತಿರುವಿನಲ್ಲಿ ಮರೆಯಾಗುತ್ತದೆ. ಆ ಕ್ಷಣವನ್ನು ಕೊಂಚ ಹಿಗ್ಗಿಸಲು ಸಾಧ್ಯವೇ? ಸಾವಿರಾರು ಮೈಲಿಗಳ ಆಚೆಯ ಅಪರಿಚಿತನನ್ನು ಎದುರಿಗೆ ನಿಲ್ಲಿಸಿ, ಅವನು ನಮ್ಮನ್ನೂ ನಾವು ಅವನನ್ನೂ ಕಂಡು ಮಾತನಾಡುವಂತೆ ಮಾಡಬಹುದೇ? ಕಳೆದ ಕೆಲವು ದಶಕಗಳಲ್ಲಿ ಈ ಪ್ರಶ್ನೆಯನ್ನು ಕೇಳಿ, ವಿಡಿಯೋ ಯಂತ್ರಗಳ ನೆರವಿನಿಂದ ಉತ್ತರ ಹುಡುಕಿದವರು ಕಲಾವಿದರು.

ಅವರ ಸಾಧನೆಯ ಬೆಲೆ ತಿಳಿಯಬೇಕಾದರೆ, ಮಾಕಳಿದುರ್ಗದ ಹಳಿಯನ್ನೇ ಹಿಡಿದು ಮೊದಲು ರಾಯಚೂರಿನವರೆಗೆ ಹೋಗಬೇಕು. 1975ರ ಆಗಸ್ಟ್ 1ರಂದು ನಮ್ಮ ದೇಶದಲ್ಲಿ ಒಂದು ಮಹತ್ತರವಾದ ಪ್ರಯೋಗ ಆರಂಭವಾಯಿತು. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದಕ್ಕೆ ಆಯ್ಕೆಯಾಗಿದ್ದವು. ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಬಟ್ಟಲಿನಾಕಾರದ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿತು. ಬೆಳಗ್ಗೆ ಶಾಲೆಯ ಮಕ್ಕಳಿಗೂ ಸಂಜೆ ಹಿರಿಯರಿಗೂ ಕಾರ್ಯಕ್ರಮಗಳು. ಬೇಸಾಯ, ಆರೋಗ್ಯ, ಶಿಕ್ಷಣ ಮೊದಲಾದ ವಿಷಯಗಳನ್ನು ಹಳ್ಳಿಗರು ತಮ್ಮ ಕನ್ನಡದಲ್ಲಿಯೇ ಕಂಡರು, ಕೇಳಿದರು.

ಪ್ರಯೋಗವು 1976ರ ಜುಲೈ 31ರವರೆಗೆ ನಡೆಯಿತು. ಅದರ ಹಿರಿಮೆ ಅಲ್ಪವಾದುದಲ್ಲ. ಆದರೆ ಅದರಲ್ಲಿ ಒಂದು ಕೊರತೆ ಇದ್ದಿತು. ತೆರೆಯ ಮೇಲಿನ ವ್ಯಕ್ತಿ ಹೇಳುತ್ತಿದ್ದನು, ಹಳ್ಳಿಗರು ಕೇಳುತ್ತಿದ್ದರು. ‘ಸ್ವಾಮಿ, ನಮ್ಮ ಹೊಲ ಎರೆಭೂಮಿ, ನೀವು ಹೇಳಿದ ಬಿತ್ತನೆ ಇಲ್ಲಿ ಆಗುವುದಿಲ್ಲ’ ಎಂದು ರೈತನೊಬ್ಬನು ಕೂಗಿ ಹೇಳಿದರೂ ಆ ಮಾತು ಪೆಟ್ಟಿಗೆಯನ್ನು ದಾಟಿ ಹೋಗುವಂತಿರಲಿಲ್ಲ. ನೋಟವು ಒಂದೇ ದಿಕ್ಕಿನಲ್ಲಿ ಹರಿಯುತ್ತಿದ್ದಿತು. ಕಾಣುವವನು ಕಾಣಿಸಿಕೊಳ್ಳುತ್ತಿರಲಿಲ್ಲ.

ಇದಾದ ನಾಲ್ಕು ವರ್ಷಗಳ ಬಳಿಕ, ಭೂಮಿಯ ಮತ್ತೊಂದು ಪಾರ್ಶ್ವದಲ್ಲಿ, ಎರಡೂ ದಿಕ್ಕಿನಲ್ಲಿ ತೆರೆದ ಕಿಟಕಿಯೊಂದು ಸಿದ್ಧವಾಯಿತು. ಅಮೆರಿಕದ ಪೂರ್ವತೀರದಲ್ಲಿ ನ್ಯೂಯಾರ್ಕ್, ಪಶ್ಚಿಮತೀರದಲ್ಲಿ ಲಾಸ್ ಏಂಜಲೀಸ್. ನಡುವೆ ಸುಮಾರು 4000 ಕಿಲೋಮೀಟರುಗಳ ಅಂತರ. ಒಂದೇ ದೇಶವಾದರೂ ಗಡಿಯಾರಗಳಲ್ಲಿ ಮೂರು ಗಂಟೆಗಳ ವ್ಯತ್ಯಾಸ. ಕಿಟ್ ಗ್ಯಾಲೊವೇ ಮತ್ತು ಶೆರಿ ರಾಬಿನೊವಿಟ್ಸ್ ಎಂಬ ಇಬ್ಬರು ಕಲಾವಿದರು 1980ರ ನವೆಂಬರ್ ತಿಂಗಳಲ್ಲಿ ಈ ಎರಡು ನಗರಗಳ ಬೀದಿಬದಿಯಲ್ಲಿ ಒಂದೊಂದು ದೊಡ್ಡ ತೆರೆಯನ್ನು ಅಣಿಗೊಳಿಸಿದರು. ನ್ಯೂಯಾರ್ಕಿನಲ್ಲಿ ಲಿಂಕನ್ ಸೆಂಟರ್ ಎಂಬ ಕಲಾಕೇಂದ್ರ, ಲಾಸ್ ಏಂಜಲೀಸಿನಲ್ಲಿ ಒಂದು ದೊಡ್ಡ ಅಂಗಡಿಯ ಕಟ್ಟಡ ಇದಕ್ಕೆ ನೆಲೆಯಾದವು. ತಮ್ಮ ಕೃತಿಗೆ ಅವರಿಟ್ಟ ಹೆಸರನ್ನು ಕನ್ನಡದಲ್ಲಿ ‘ಆಕಾಶದಲ್ಲೊಂದು ಕಿಂಡಿ’ ಎನ್ನಬಹುದು.

ಕಿಂಡಿಯ ಬಳಿ ಯಾವ ಫಲಕವೂ ಇರಲಿಲ್ಲ. ಇದು ಏನು, ಯಾರು ಮಾಡಿದರು, ಹೇಗೆ ಬಳಸಬೇಕು ಎಂಬ ವಿವರಣೆಯೂ ಇರಲಿಲ್ಲ. ಸಂಜೆ ದಾರಿಯಲ್ಲಿ ಹೋಗುತ್ತಿದ್ದವರು ತಟ್ಟನೆ ನಿಂತರು. ತೆರೆಯ ಮೇಲೆ ತಮ್ಮಷ್ಟೇ ಎತ್ತರದ ಮನುಷ್ಯರು, ಅಡಿಯಿಂದ ಮುಡಿಯವರೆಗೆ, ತಮ್ಮನ್ನೇ ನೋಡುತ್ತ ನಿಂತಿದ್ದಾರೆ! ಇದು ಹಿಂದೆ ತೆಗೆದಿಟ್ಟ ಚಿತ್ರವಿರಬೇಕೆಂದು ಮೊದಲು ಹಲವರು ಭಾವಿಸಿದರು. ಒಬ್ಬನು ಅನುಮಾನದಿಂದಲೇ ಕೈ ಬೀಸಿದರೆ ತೆರೆಯೊಳಗಿನವನೂ ಕೈ ಬೀಸುವನು. ‘ನೀವು ಎಲ್ಲಿದ್ದೀರಿ?’ ಎಂದು ಕೇಳಿದರೆ ಉತ್ತರ ಬರುವುದು. ಊರಿನ ಹೆಸರು ಕೇಳಿದವರು ನಂಬಲಾರದೆ ಮತ್ತೆ ಮತ್ತೆ ಪ್ರಶ್ನಿಸುವರು. ನಂಬಿಕೆ ಹುಟ್ಟಿದ ಮೇಲೆ ಅಪರಿಚಿತರು ಹರಟಿದರು, ಹಾಸ್ಯ ಮಾಡಿದರು, ಮಾತಿಲ್ಲದ ಸನ್ನೆಯಾಟವನ್ನೂ ಆಡಿದರು.

ನವೆಂಬರ್ 11, 13 ಮತ್ತು 14, ಹೀಗೆ ಮೂರು ಸಂಜೆಗಳು ಮಾತ್ರ ಆ ಕಿಂಡಿ ತೆರೆದಿದ್ದಿತು. ಮೊದಲ ಸಂಜೆ ಆಕಸ್ಮಿಕವಾಗಿ ಕಂಡವರದು. ಎರಡನೆಯ ಸಂಜೆ, ಬಾಯಿಂದ ಬಾಯಿಗೆ ಸುದ್ದಿ ಹರಡಿ, ದೂರವಾಣಿಯಲ್ಲಿ ಗೊತ್ತುಮಾಡಿಕೊಂಡು ಬಂದವರದು. ಮೂರನೆಯ ಸಂಜೆಯಂತೂ ಕುಟುಂಬ ಕುಟುಂಬಗಳೇ ಎರಡೂ ಕಡೆ ನೆರೆದವು. ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಪರಸ್ಪರ ಮುಖ ಕಾಣದಿದ್ದ ಬಂಧುಗಳು ಆ ಜನಜಂಗುಳಿಯಲ್ಲಿದ್ದರು. ಮಾತಿಗಿಂತ ಮೊದಲು ಅವರ ಕಣ್ಣುಗಳು ತುಂಬಿಬಂದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವರ ಸುತ್ತ ನಿಂತವರು ಅವರಿಗೆ ಏನೂ ಆಗಬೇಕಾದವರಲ್ಲ. ಆದರೂ ಆ ಪುನರ್ಮಿಲನಕ್ಕೆ ಅವರೆಲ್ಲರೂ ಸಾಕ್ಷಿಯಾದರು.

ಇದರ ಹಿಂದಿನ ವಿಜ್ಞಾನವನ್ನು ಸಂಕ್ಷೇಪವಾಗಿ ತಿಳಿಯುವುದು ಒಳ್ಳೆಯದು. ಪ್ರತಿಯೊಂದು ತೆರೆಯ ಬಳಿಯೂ ಒಂದು ಕ್ಯಾಮರಾ ಮತ್ತು ಒಂದು ಮೈಕ್ ಇದ್ದವು. ಅವು ಹಿಡಿದ ಚಿತ್ರ ಮತ್ತು ಧ್ವನಿಗಳು ವಿದ್ಯುತ್ಕಾಂತೀಯ ತರಂಗಗಳಾಗಿ ಉಪಗ್ರಹಕ್ಕೆ ಏರಿ ಇನ್ನೊಂದು ನಗರಕ್ಕೆ ಇಳಿಯುತ್ತಿದ್ದವು. ಇಂತಹ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಏರಿ ಇಳಿಯುವ ದಾರಿ 72,000 ಕಿಲೋಮೀಟರ್. ತರಂಗದ ವೇಗ ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, 3 ಲಕ್ಷ ಕಿಲೋಮೀಟರ್. ಆದುದರಿಂದ ಮಾತು ತಲುಪಲು ಸುಮಾರು ಕಾಲು ಸೆಕೆಂಡು, ಮರುಮಾತು ಬರಲು ಮತ್ತೆ ಕಾಲು ಸೆಕೆಂಡು ಬೇಕು. ಮಾತನಾಡುವ ಇಬ್ಬರೂ ಒಬ್ಬರಿಗಾಗಿ ಒಬ್ಬರು ಅರೆಕ್ಷಣ ಕಾಯಬೇಕಾಗುತ್ತಿದ್ದಿತು.

ಇನ್ನೊಂದು ವಿಶೇಷವುಂಟು. ನಿಂತವರಿಗೆ ತಮ್ಮ ಚಿತ್ರವು ಎಲ್ಲಿಯೂ ಕಾಣುತ್ತಿರಲಿಲ್ಲ; ಕಾಣುತ್ತಿದ್ದುದು ಎದುರಿನವರು ಮಾತ್ರ. ಇದು ಕಲಾವಿದರು ಬೇಕೆಂದೇ ಮಾಡಿದ ಏರ್ಪಾಡು. ಕನ್ನಡಿಯ ಮುಂದೆ ನಿಂತವನ ಗಮನವೆಲ್ಲ ತನ್ನ ಕ್ರಾಪು, ತನ್ನ ಅಂಗಿಗಳ ಮೇಲೆಯೇ ಇರುವುದು; ಕಿಟಕಿಯ ಮುಂದೆ ನಿಂತವನ ಗಮನ ಹೊರಗಿನವನ ಮೇಲೆ ಹೋಗುವುದು. ತಾವು ಕಟ್ಟಿದುದು ಕನ್ನಡಿಯಾಗದೆ ಕಿಟಕಿಯಾಗಬೇಕೆಂಬುದೇ ಅವರ ಆಶಯವಾಗಿದ್ದಿತು.

‘ಯಂತ್ರಗಳನ್ನು ಜೋಡಿಸಿದುದು ಸರಿ, ಇದರಲ್ಲಿ ಕಲೆ ಎಲ್ಲಿದೆ?’ ಎಂದು ಯಾರಾದರೂ ಕೇಳಬಹುದು. ಚಿತ್ರಕಾರನು ಬಣ್ಣಗಳಿಂದಲೂ ಶಿಲ್ಪಿಯು ಕಲ್ಲಿನಿಂದಲೂ ಕೃತಿಯನ್ನು ರಚಿಸುತ್ತಾರೆ. ಇಲ್ಲಿ ಕಲಾವಿದರು ಚೌಕಟ್ಟನ್ನು ಮಾತ್ರ ಕಟ್ಟಿ ಹಿಂದೆ ಸರಿದು ನಿಂತರು. ಅದರೊಳಗಿನ ಚಿತ್ರವನ್ನು ಬರೆದವರು ದಾರಿಹೋಕರು. ಅವರು ಬಾರದಿದ್ದರೆ ತೆರೆಯು ಬರಿದಾಗಿಯೇ ಉಳಿಯುತ್ತಿದ್ದಿತು. ನೋಡುವವನು ಮಾಡುವವನೂ ಆಗುವ ಈ ಬಗೆಯನ್ನೇ ‘ಸಂವಾದಾತ್ಮಕ ಕಲೆ’ ಎಂದು ಕರೆಯುತ್ತಾರೆ. ಅಂಗಳದಲ್ಲಿ ಹಾಕಿದ ಕೋಲಾಟದ ವೃತ್ತವು ಕೋಲು ಹಿಡಿದು ಒಳಗೆ ಬಂದವರಿಂದಲೇ ಪೂರ್ಣವಾಗುವಂತೆ, ಈ ಕಲೆಯೂ ಬಂದವರಿಂದಲೇ ಪೂರ್ಣವಾಗುತ್ತದೆ.

ನಮ್ಮ ದೇಶದಲ್ಲಿಯೂ ಈ ಮಾರ್ಗದಲ್ಲಿ ನಡೆದವರಿದ್ದಾರೆ. ಮುಂಬಯಿಯ ಚಿತ್ರನಿರ್ಮಾಪಕಿ ಶೈನಾ ಆನಂದ್ ಅವರು 2004ರಲ್ಲಿ ಬೆಂಗಳೂರಿನ ರಸಲ್ ಮಾರುಕಟ್ಟೆಯಲ್ಲಿ ಅಲ್ಲಿಯವರಿಗಾಗಿಯೇ, ಅವರನ್ನು ಸೇರಿಸಿಕೊಂಡೇ, ಒಂದು ಪುಟ್ಟ ದೂರದರ್ಶನ ವಾಹಿನಿಯನ್ನು ಕೆಲವು ದಿನ ನಡೆಸಿದರು. 2006ರಲ್ಲಿ ಅವರು ದೆಹಲಿಯ ಖಿಡಕಿ ಬಡಾವಣೆಗೆ ಹೋದರು. ತುಘಲಕರ ಕಾಲದ, ಜಾಲಂಧ್ರಗಳಿಂದ ಕೂಡಿದ ಮಸೀದಿಯೊಂದು ಅಲ್ಲಿರುವುದರಿಂದ ಆ ಊರಿಗೆ ಈ ಹೆಸರು. ಖಿಡಕಿ ಎಂದರೆ ನಮ್ಮ ಕಿಟಕಿಯೇ. ಹೊಟ್ಟೆಪಾಡಿಗಾಗಿ ದೇಶದ ಮೂಲೆಮೂಲೆಗಳಿಂದ ಬಂದವರು ಅಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ವಾಸವಾಗಿದ್ದರು. ವಿಶಾಲವಾದ ದೇಶವೇ ಒಂದು ಬಡಾವಣೆಯಲ್ಲಿ ಒತ್ತೊತ್ತಾಗಿ ನೆಲಸಿದಂತಿದ್ದಿತು. ಆದರೆ ಪಕ್ಕದ ಓಣಿಯವರ ಪರಿಚಯ ಪಕ್ಕದ ಓಣಿಯವರಿಗಿರಲಿಲ್ಲ.

ಶೈನಾ ಆನಂದ್ ಅವರು ಉಪಗ್ರಹವನ್ನು ಬಳಸಲಿಲ್ಲ. ಅಂಗಡಿಗಳಲ್ಲಿ ಕಳ್ಳಕಾಕರ ಮೇಲೆ ಕಣ್ಣಿಡಲು ಹಾಕುವ ಅಗ್ಗದ ಕಾವಲು ಕ್ಯಾಮರಾಗಳನ್ನೇ ತಂದರು. ನಾಲ್ಕು ಕಡೆ ನಾಲ್ಕು ದೂರದರ್ಶನ ಪೆಟ್ಟಿಗೆಗಳು. ಪ್ರತಿಯೊಂದಕ್ಕೂ ಒಂದು ಕ್ಯಾಮರಾ, ಒಂದು ಮೈಕ್. ಎಲ್ಲವನ್ನೂ ಸೇರಿಸುವ ತಂತಿ. ಪ್ರತಿ ತೆರೆಯ ನಾಲ್ಕು ಭಾಗಗಳಲ್ಲಿ ನಾಲ್ಕು ಸ್ಥಳಗಳ ಜನರೂ ಒಟ್ಟಿಗೆ ಕಾಣುತ್ತಿದ್ದರು. ಬರೆದಿಟ್ಟ ಸಂಭಾಷಣೆಯಿಲ್ಲ, ನಿರ್ದೇಶಕನ ಅಪ್ಪಣೆಯಿಲ್ಲ. ಕುಳಿತವರು ತಮಗೆ ತೋಚಿದುದನ್ನು ಮಾತನಾಡಿದರು. ‘ಖಿಡಕಿಯಾನ’ ಎಂಬ ಈ ಪ್ರಯೋಗವು ಏಳು ಕಂತುಗಳಲ್ಲಿ ನಡೆಯಿತು. ಜನರನ್ನು ಸಂಶಯದಿಂದ ನೋಡಲು ಹುಟ್ಟಿದ ಯಂತ್ರವು ಇಲ್ಲಿ ಜನರು ಪರಸ್ಪರ ಮಾತನಾಡುವ ಸಾಧನವಾಯಿತು. ದೂರವೆಂಬುದನ್ನು ಕಿಲೋಮೀಟರುಗಳಿಂದ ಮಾತ್ರ ಅಳೆಯಲಾಗದೆಂಬುದನ್ನೂ ಅದು ತೋರಿಸಿತು. ಇನ್ನೂರು ಗಜದ ಅಂತರವೂ ಮಾತಿಲ್ಲದಿದ್ದರೆ ದೂರವೇ.

ಆದರೆ ಕಿಟಕಿಯ ಮೂಲಕ ಗಾಳಿಬೆಳಕುಗಳು ಮಾತ್ರವೇ ಬರುತ್ತವೆಯೆಂದು ಹೇಳಲಾಗದು. 2024ರ ಮೇ 8ರಂದು ಲಿಥುವೇನಿಯದ ಕಲಾವಿದ ಬೆನೆಡಿಕ್ಟಾಸ್ ಗಿಲಿಸ್ ಅವರ ಯೋಜನೆಯಂತೆ ಐರ್ಲೆಂಡಿನ ಡಬ್ಲಿನ್ ಮತ್ತು ನ್ಯೂಯಾರ್ಕ್ ನಗರಗಳ ಬೀದಿಗಳಲ್ಲಿ ದುಂಡನೆಯ ದೊಡ್ಡ ತೆರೆಗಳು ಸ್ಥಾಪಿತವಾದವು. ಅವುಗಳಲ್ಲಿ ನೋಟವುಂಟು, ಧ್ವನಿಯಿಲ್ಲ. ಸಾವಿರಾರು ಜನರು ಬಂದು ಕೈಬೀಸಿದರು, ಕುಣಿದರು. ಆದರೆ ಕೆಲವರು ಅಸಭ್ಯವಾಗಿ ವರ್ತಿಸಿದರು. ಎದುರಿನವರ ಮನ ನೋಯುವಂತಹ ಚಿತ್ರಗಳನ್ನು ಕ್ಯಾಮರಾಕ್ಕೆ ಹಿಡಿದವರೂ ಉಂಟು. ವಾರ ತುಂಬುವಷ್ಟರಲ್ಲಿ ಕಿಟಕಿಯನ್ನು ಮುಚ್ಚಬೇಕಾಯಿತು. ಮೇ 19ರಂದು ಅದನ್ನು ಮತ್ತೆ ತೆರೆದಾಗ ಹೊತ್ತಿನ ಮಿತಿಯನ್ನು ಹಾಕಲಾಗಿದ್ದಿತು. ಯಾರಾದರೂ ಕ್ಯಾಮರಾಕ್ಕೆ ತೀರ ಹತ್ತಿರ ಬಂದರೆ ಚಿತ್ರವು ಎರಡೂ ಕಡೆ ಮಸುಕಾಗುವಂತೆ ಮಾಡಲಾಗಿದ್ದಿತು. ಹೆಚ್ಚಿನವರ ಸಂತೋಷಕ್ಕೆ ಕೆಲವರ ಅವಿವೇಕವು ಬೇಲಿ ಹಾಕಿಸಿತು.

ಇಂದು ದೂರದವರ ಮುಖ ನೋಡಲು ಬೀದಿಗೆ ಹೋಗಬೇಕಾಗಿಲ್ಲ. ಮೊಬೈಲ್ ಫೋನು ಉಳ್ಳವರು ಅಂಗೈಯಲ್ಲಿಯೇ ಮಗನನ್ನು, ಮೊಮ್ಮಗಳನ್ನು ಕಾಣುತ್ತಾರೆ. ಹಾಗಿದ್ದರೆ ಇಂತಹ ಕಲೆಯ ಅಗತ್ಯವೇನು? ಫೋನಿನಲ್ಲಿ ನಾವು ಸಾಮಾನ್ಯವಾಗಿ ಕರೆಯುವುದು ಗುರುತಿರುವವರನ್ನು. ಬೀದಿಯ ಕಿಟಕಿಯಲ್ಲಿ ಎದುರಾಗುವವರನ್ನು ನಾವು ಆರಿಸಿಕೊಂಡಿರುವುದಿಲ್ಲ. ಅವರ ನುಡಿ ಬೇರೆ, ಉಡುಪು ಬೇರೆ, ನಂಬಿಕೆ ಬೇರೆಯಾಗಿರಬಹುದು. ನಮ್ಮಂತಹ ವಿಸ್ತಾರವಾದ ದೇಶದಲ್ಲಿ ಒಂದು ಪ್ರಾಂತದವರು ಇನ್ನೊಂದು ಪ್ರಾಂತದವರನ್ನು ತಿಳಿದಿರುವುದು ಬಹುಮಟ್ಟಿಗೆ ಕೇಳಿದ ಮಾತುಗಳಿಂದ. ಕೇಳಿದ ಮಾತಿನಲ್ಲಿ ಅಪರಿಚಿತನು ‘ಅವರು’ ಆಗಿರುತ್ತಾನೆ. ಎದುರಿಗೆ ನಿಂತು ಉತ್ತರ ಕೊಟ್ಟಾಗ ಅವನು ‘ನೀವು’ ಆಗುತ್ತಾನೆ.

ಮಾಕಳಿದುರ್ಗದ ಬೆಟ್ಟದ ಮೇಲಿಂದ ನೋಡಿದರೆ ದೂರದ ಗಾಡಿಯು ಹರಿಯುವ ಒಂದು ಗೆರೆಯಂತೆ ಕಾಣುತ್ತದೆ. ಅದರೊಳಗಿನ ಒಂದು ಮುಖವೂ ಕಾಣುವುದಿಲ್ಲ. ಕೆಳಗಿನ ದಿಬ್ಬದ ಮೇಲಿನ ಮಕ್ಕಳಿಗೆ ಕಿಟಕಿಗಳು ಕಾಣುತ್ತವೆ, ಕಿಟಕಿಗಳೊಳಗಿನ ಮುಖಗಳು ಕಾಣುತ್ತವೆ. ಯಾರು ಎಲ್ಲಿಯವರೆಂದು ವಿಚಾರಿಸದೆಯೇ ಅವರು ಮೊದಲು ಕೈ ಬೀಸುತ್ತಾರೆ. ನ್ಯೂಯಾರ್ಕಿನ ಬೀದಿಯಲ್ಲಿ ತೆರೆಯ ಮುಂದೆ ನಿಂತ ದಾರಿಹೋಕನು ಮಾಡಿದುದೂ ಅದನ್ನೇ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. 1975ರ ದೂರದರ್ಶನ ಪ್ರಯೋಗಕ್ಕೆ ಕರ್ನಾಟಕದ ಯಾವ ಜಿಲ್ಲೆಗಳು ಆಯ್ಕೆಯಾಗಿದ್ದವು?
2. ‘ಖಿಡಕಿಯಾನ’ದಲ್ಲಿ ಬಳಸಿದ ಕ್ಯಾಮರಾಗಳು ಎಂತಹವು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಆಕಾಶದಲ್ಲೊಂದು ಕಿಂಡಿ’ಯ ಮೂರು ಸಂಜೆಗಳು ಒಂದರಿಂದ ಒಂದು ಹೇಗೆ ಭಿನ್ನವಾಗಿದ್ದವು?
2. ಡಬ್ಲಿನ್ ಮತ್ತು ನ್ಯೂಯಾರ್ಕ್ ನಡುವಿನ ಕಿಟಕಿಯನ್ನು ಏಕೆ ಮುಚ್ಚಬೇಕಾಯಿತು?

ಇ. ಸಂದರ್ಭದೊಡನೆ ವಿವರಿಸಿರಿ.
1. “ಕಾಣುವವನು ಕಾಣಿಸಿಕೊಳ್ಳುತ್ತಿರಲಿಲ್ಲ.”
2. “ಇನ್ನೂರು ಗಜದ ಅಂತರವೂ ಮಾತಿಲ್ಲದಿದ್ದರೆ ದೂರವೇ.”

ಈ. ನಿಮ್ಮ ಊರಿನಲ್ಲಿ ಇಂತಹ ಒಂದು ಕಿಟಕಿಯನ್ನು ಇಡುವುದಾದರೆ ಯಾವ ಸ್ಥಳದಲ್ಲಿ ಇಡುವಿರಿ? ಇನ್ನೊಂದು ಕಿಟಕಿ ದೇಶದ ಯಾವ ಊರಿನಲ್ಲಿರಬೇಕು? ಕಾರಣ ಸಹಿತ ಒಂದು ಪುಟದಷ್ಟು ಬರೆಯಿರಿ.