ಹಾಸ್ಟೆಲಿಗೆ ಹೊಸದಾಗಿ ಬಂದ ವಾರ್ಡನ್ ತಂಗಿಗೆ ಕಿವಿಮಾತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಗುಳೆ ಹೋಗುವವರು ಎಷ್ಟೋ ಮಕ್ಕಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಹೋಗುತ್ತಾರೆ. ಅವರಲ್ಲಿ ಕಾಲು ಸರಿಯಿಲ್ಲದ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಕ್ಷರ ಹತ್ತದ, ಒಂದು ಕಿವಿ ಕೇಳದ, ಮೂರ್ಛೆ ಬರುವ ಮಗುವಿಗೆ ಮಾತ್ರ ಸೋಮಾರಿ, ಮೊಂಡ ಎಂಬ ಬೈಗುಳ. ಅದಕ್ಕೇ ಇಷ್ಟು ಹೇಳುತ್ತೇನೆ, ತಂಗೀ.

• ಜೂನ್‌ನಲ್ಲಿ ಸೇರಿಸಲು ಬಂದ ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾತಾಡು. "ಕಾಯಿಲೆ ಇದೆಯಾ?" ಎಂದರೆ ಸೀಟು ಸಿಗಲಿಕ್ಕಿಲ್ಲವೆಂದು ಹೆದರಿ ಇಲ್ಲ ಅನ್ನುತ್ತಾಳೆ. "ರಾತ್ರಿ ಹೆಂಗ್ ಮಲಗ್ತಾನವ್ವಾ? ಯಾವ ಗುಳಿಗಿ ಕೊಡ್ತೀ?" ಎಂದು ಕೇಳು, ಬಾಯಿ ಬಿಡುತ್ತಾಳೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಡು. ಅಡುಗೆಯವರಿಗೂ ರಾತ್ರಿ ಕಾವಲಿನವರಿಗೂ ತಿಳಿದಿರಲಿ, ಊರಿಗೆಲ್ಲ ಬೇಡ.

• ಮೂರ್ಛೆ ಬಂದಾಗ ಬಾಯಿಗೆ ಚಮಚ, ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಚಪ್ಪಲಿ ಯಾವುದೂ ಬೇಡ. ಮಗ್ಗುಲಿಗೆ ಹೊರಳಿಸು, ತಲೆಯಡಿ ಮೆತ್ತನೆಯದೇನಾದರೂ ಇಡು, ಗಡಿಯಾರ ನೋಡು. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಫೋನ್ ಮಾಡು. ಗುಳಿಗೆ ಒಂದು ಹೊತ್ತೂ ತಪ್ಪಬಾರದು. ತಂದೆತಾಯಿ ದೂರದಲ್ಲಿರುತ್ತಾರೆ, ಮುಗಿಯುವುದಕ್ಕೆ ಒಂದು ವಾರ ಮೊದಲೇ ತರಿಸು. ಕೈಕಾಲು ಸೆಟೆಯುವುದೊಂದೇ ಮೂರ್ಛೆಯಲ್ಲ. ಬರೆಯುತ್ತಿದ್ದ ಮಗು ಕೆಲವು ಸೆಕೆಂಡು ಕಣ್ಣು ನೆಟ್ಟು ನಿಂತು, ಏನೂ ಆಗದಂತೆ ಮುಂದುವರಿಸಿದರೆ ಅದೂ ಮೂರ್ಛೆಯೇ ಇರಬಹುದು. ದಿನಕ್ಕೆ ಹತ್ತಾರು ಸಲ ಹೀಗಾಗಬಹುದು. ಪಾಠದ ಮೇಲೆ ಲಕ್ಷ್ಯವಿಲ್ಲವೆಂದು ಅದಕ್ಕೆ ಏಟು ಬಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ. ಡಾಕ್ಟರಿಗೆ ತೋರಿಸು.

• ಮೂರ್ಛೆ ಅಂಟುರೋಗವಲ್ಲ ಎಂದು ಕೋಣೆಯ ಮಕ್ಕಳಿಗೆ ನೀನೇ ಹೇಳು. ತಟ್ಟೆ, ಹಾಸಿಗೆ ಬೇರೆ ಇಡಿಸಬೇಡ.

• ಕೊಟ್ಟೂರಿನ ತೇರು, ಮೈಲಾರದ ಕಾರ್ಣಿಕ ಎಂದರೆ ಮಕ್ಕಳು ಕುಣಿಯುತ್ತಾರೆ. ಆಟಿಸಂ ಇರುವ ಮಗುವಿಗೆ ಆ ಗದ್ದಲ, ನೂಕುನುಗ್ಗಲು ತಡೆಯಲಾಗದಿರಬಹುದು. ಎಳೆದೊಯ್ಯಬೇಡ, ಜೊತೆಗೊಬ್ಬರು ಹಾಸ್ಟೆಲಿನಲ್ಲೇ ಉಳಿಯಲಿ. ಮೂರ್ಛೆಯ ಮಗು ಜಾತ್ರೆ ನೋಡಲಿ, ಆದರೆ ರಾತ್ರಿ ನಿದ್ದೆ ಕೆಡಬಾರದು. ನಿದ್ದೆಗೆಟ್ಟರೆ ಮೂರ್ಛೆ ಮರುಕಳಿಸಬಹುದು.

• ಒಂದು ಕಿವಿ ಕೇಳದಿದ್ದರೆ ಕೇಳುವ ಕಿವಿ ಮೇಷ್ಟರ ಕಡೆ ಇರುವಂತೆ ಮುಂದೆ ಕೂರಿಸಲು ಶಾಲೆಗೆ ಹೇಳು.

• ಹಾಸಿಗೆ ಒದ್ದೆಯಾದರೆ ಸದ್ದಿಲ್ಲದೆ ಬದಲಿಸು. ಈ ಅಭ್ಯಾಸವಿಲ್ಲದ ಮಗು ಇದ್ದಕ್ಕಿದ್ದಂತೆ ಒದ್ದೆ ಮಾಡತೊಡಗಿ, ನೀರು ನೀರು ಎನ್ನುತ್ತ ಸೊರಗಿದರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸು. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ, ತಡವಾದರೆ ಜೀವಕ್ಕೇ ಕುತ್ತು.

• ಓದಲು ತಡವರಿಸುವ ಮಗುವಿನ ದಾರಿ ಉದ್ದ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಇದೆ. ಪರೀಕ್ಷೆಗೆ ಹೆಚ್ಚು ಸಮಯ, ಉತ್ತರ ಬರೆದುಕೊಡುವವರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲವನ್ನೂ ಅದು ಹೇಳುತ್ತದೆ. ಆದರೆ ಪ್ರಮಾಣಪತ್ರ ಬೇಕು. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಓಡಾಡಬೇಡ. ಎಂಟನೇ ತರಗತಿಯಲ್ಲೇ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರನ್ನು ಕಾಣು. ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಡಾಕ್ಟರ ತಂಡ ಬಂದ ದಿನ ಈ ಮಕ್ಕಳನ್ನೇ ಮೊದಲು ಮುಂದೆ ನಿಲ್ಲಿಸು.

• ನಿನಗೆ ವರ್ಗವಾದರೆ ತಾಯಂದಿರ ಮಾತು ಬರೆದಿಟ್ಟ ಆ ಪುಸ್ತಕವನ್ನು ಬೀರುವಿನಲ್ಲಿಟ್ಟು ಹೋಗಬೇಡ. ಹೊಸಬರ ಕೈಗೇ ಕೊಟ್ಟು, ಯಾವ ಮಗುವಿಗೆ ಯಾವ ಹೊತ್ತಿನ ಗುಳಿಗೆ ಎಂದು ಎದುರಿಗೆ ಕೂತು ಹೇಳಿ ಹೋಗು.